ಪ್ರಾಗ್‌ನಲ್ಲಿ ಯೂರೋ ಬದಲಿಸುವ ಮುನ್ನ ದಯವಿಟ್ಟು ಓದಿ

ಕಳೆದ ಮೇ ತಿಂಗಳಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ನಾನೂ ನಮ್ಮ ಯಜಮಾನರೂ ಎರಡು ದಿನದ ಮಟ್ಟಿಗೆ ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್ ನೋಡಿಬರಲು ಹೊರಟೆವು. ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಎಲ್ಬೆ ನದಿಯ ದಂಡೆಗುಂಟ ಸಾಗುವ ಆ ಪ್ರಯಾಣವಾಗಲಿ, ಆ ಊರಿನ ಸೊಬಗಾಗಲಿ ಮರೆಯುವಂಥದ್ದಲ್ಲ. ಆದರೆ ರೈಲಿನಿಂದಿಳಿದು ಒಂದು ಗಂಟೆ ಕಳೆಯುವಷ್ಟರಲ್ಲಿ ನಾವು ಹತ್ತು ಸಾವಿರ ರೂಪಾಯಿಗೂ ಹೆಚ್ಚು ಹಣ ಕಳೆದುಕೊಂಡೆವು. ಅದೂ ಗಾಜಿನ ಕಿಂಡಿಯೊಳಗೆ ಕೈಯಾರೆ ಕೊಟ್ಟು, ರಸೀದಿ ಪಡೆದು ಕಳೆದುಕೊಂಡೆವು. ಮುಂದೆ ಹೋಗುವವರಿಗೆ ಹೀಗಾಗದಿರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲ ತಪ್ಪು ತಿಳಿವಳಿಕೆಯದು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಿಗುವ ಷೆಂಗೆನ್ ವೀಸಾ ಇದ್ದರೆ ಹೋದಲ್ಲೆಲ್ಲ ಯೂರೋ ನಡೆಯುತ್ತದೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಚೆಕ್ ಗಣರಾಜ್ಯ 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿತು, 2007ರ ಡಿಸೆಂಬರ್‌ನಿಂದ ಷೆಂಗೆನ್ ವಲಯದಲ್ಲೂ ಇದೆ. ಆದರೂ ಅದರ ನಾಣ್ಯ ಇಂದಿಗೂ ಕೊರುನಾ. ಗಡಿಯಲ್ಲಿ ಯಾರೂ ತಡೆಯದಿದ್ದುದರಿಂದ ದೇಶ ಬದಲಾದದ್ದೇ ನಮ್ಮ ಅರಿವಿಗೆ ಬರಲಿಲ್ಲ. ಪರ್ಸಿನಲ್ಲಿದ್ದ ಯೂರೋ ಇಲ್ಲಿ ನಡೆಯುವುದು ಕಷ್ಟವೆಂದು ರೈಲು ನಿಲ್ದಾಣದಲ್ಲಿ ತಿಳಿದಾಗ ಸ್ವಲ್ಪ ಗಾಬರಿಯಾಯಿತು. ಆ ಗಾಬರಿಯಲ್ಲೇ, ಹಳೆಯ ಪಟ್ಟಣದ ಚೌಕಕ್ಕೆ ಹೋಗುವ ದಾರಿಯಲ್ಲಿ ಕಣ್ಣಿಗೆ ಬಿದ್ದ ಮೊದಲ ಹಣ ವಿನಿಮಯದ ಅಂಗಡಿಯ ಮುಂದೆ ನಿಂತುಬಿಟ್ಟೆವು.

ಆ ಅಂಗಡಿಯ ಫಲಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೋಸವಿದ್ದದ್ದು ಅಲ್ಲೇ. ಮೇಲೆ ದೊಡ್ಡ ಅಕ್ಷರಗಳಲ್ಲಿ ಕಮಿಷನ್ ಸೊನ್ನೆ ಎಂದು ಬರೆದಿತ್ತು. ಅದರ ಕೆಳಗೆ ಒಂದೊಂದು ನಾಣ್ಯದ ಎದುರೂ ಎರಡೆರಡು ಅಂಕಿಗಳಿದ್ದವು: ಅಂಗಡಿಯವರು ಮಾರುವ ದರ ಒಂದು, ಕೊಳ್ಳುವ ದರ ಇನ್ನೊಂದು. ಯೂರೋ ಎದುರು 25ರ ಆಸುಪಾಸಿನ ಅಂಕಿ ಎದ್ದು ಕಾಣುತ್ತಿತ್ತು. ಆ ದಿನಗಳಲ್ಲಿ ಒಂದು ಯೂರೋಗೆ ಹೆಚ್ಚುಕಡಿಮೆ 25 ಕೊರುನಾ ಸಿಗುತ್ತದೆ ಎಂದು ಮಗಳು ಹೇಳಿದ್ದಳಾದ್ದರಿಂದ ನಮಗೆ ಸಂಶಯ ಬರಲಿಲ್ಲ. ಆದರೆ ಅದು ಅವರು ಯೂರೋ ಮಾರುವಾಗಿನ ದರ. ನಮ್ಮಿಂದ ಯೂರೋ ಕೊಳ್ಳುವಾಗ ಅವರು ಕೊಡುತ್ತಿದ್ದುದು 15.50 ಮಾತ್ರ. ನಮ್ಮವರು ಮುನ್ನೂರು ಯೂರೋ ಒಳಗೆ ಸರಿಸಿದರು, ಅತ್ತಲಿಂದ 4,650 ಕೊರುನಾ ಬಂತು. ಬಣ್ಣಬಣ್ಣದ ಹೊಸ ನೋಟುಗಳು, ಸಾವಿರದ ಲೆಕ್ಕದಲ್ಲಿ ಮೊತ್ತ, ಹಿಂದೆ ಸಾಲಿನಲ್ಲಿ ನಿಂತಿದ್ದ ಜನ. ಎಣಿಸಿ ಕೈಚೀಲಕ್ಕೆ ಹಾಕಿಕೊಂಡೆವೇ ಹೊರತು ಭಾಗಿಸಿ ನೋಡಲಿಲ್ಲ. ಸಿಗಬೇಕಾಗಿದ್ದದ್ದು 7,500ರ ಹತ್ತಿರ.

ರಸೀದಿಯಲ್ಲಿ ಅಚ್ಚಾಗಿದ್ದ ಸಮಯ ಬೆಳಿಗ್ಗೆ 11 ಗಂಟೆ 5 ನಿಮಿಷ. ಮಧ್ಯಾಹ್ನ ಒಂದು ಗಂಟೆಗೆ ನಾವು ಹಳೆಯ ಪುರಭವನದ ಗೋಡೆಯ ಮೇಲಿರುವ, 1410ರಷ್ಟು ಹಳೆಯದಾದ ಖಗೋಳ ಗಡಿಯಾರದ ಮುಂದೆ ಜನಸಂದಣಿಯಲ್ಲಿ ನಿಂತು, ಕಿಟಕಿಗಳಲ್ಲಿ ಸರಿದುಹೋಗುವ ಯೇಸುವಿನ ಶಿಷ್ಯರಾದ ಹನ್ನೆರಡು ಅಪೊಸ್ತಲರ ಬೊಂಬೆಗಳನ್ನು ನೋಡುತ್ತಿದ್ದೆವು. ಆ ಹೊತ್ತಿನಲ್ಲಿ ನಮ್ಮ ಹಣವನ್ನು ಪೂರ್ತಿಯಾಗಿ ಹಿಂಪಡೆಯಲು ಇನ್ನೂ ಒಂದು ಗಂಟೆಯ ಅವಕಾಶವಿತ್ತು, ಅಂಗಡಿ ನಡೆದು ಹೋಗುವಷ್ಟೇ ದೂರದಲ್ಲಿತ್ತು, ರಸೀದಿ ನನ್ನ ಕೈಚೀಲದಲ್ಲೇ ಇತ್ತು. ಇದು ಈಗಲೂ ನೆನಪಾದರೆ ಸಂಕಟವಾಗುತ್ತದೆ.

ಆ ಅವಕಾಶ ಯಾವುದೆಂದರೆ, ಇಂಥ ಅಂಗಡಿಗಳ ಬಗ್ಗೆ ದೂರುಗಳು ಹೆಚ್ಚಾದ ಮೇಲೆ ಆ ದೇಶದವರು ಕಾನೂನಿಗೆ ತಿದ್ದುಪಡಿ ತಂದಿದ್ದಾರೆ. 2019ರ ಏಪ್ರಿಲ್‌ನಿಂದ, ಸಾವಿರ ಯೂರೋ ಮೌಲ್ಯದವರೆಗಿನ ಹಣ ಬದಲಿಸಿದ ಯಾವುದೇ ಗ್ರಾಹಕ ಮೂರು ಗಂಟೆಯೊಳಗೆ ಅದೇ ಅಂಗಡಿಗೆ ಹೋಗಿ ವ್ಯವಹಾರವನ್ನು ರದ್ದು ಮಾಡಿಸಬಹುದು. ಕಾರಣ ಹೇಳಬೇಕಾಗಿಲ್ಲ. ಪಡೆದ ಕೊರುನಾ ಮತ್ತು ರಸೀದಿ ಕೊಟ್ಟರೆ ನಮ್ಮ ಯೂರೋ ನಮಗೆ ಬರಬೇಕು. ಒಳ್ಳೆಯ ಕಾನೂನು, ಆದರೆ ಬಲ್ಲವರಿಗೆ ಮಾತ್ರ ಒದಗುವ ಕಾನೂನು. ಎರಡು ದಿನಕ್ಕೆಂದು ಬಂದ ಪ್ರವಾಸಿಗೆ ಕಿಂಡಿಯ ಬಳಿ ಇದನ್ನು ಬಾಯಿಬಿಟ್ಟು ಹೇಳುವವರು ಯಾರೂ ಇಲ್ಲ.

ನಮಗೆ ತಿಳಿದದ್ದು ಸಂಜೆ ಐದರ ಹೊತ್ತಿಗೆ. 1357ರಲ್ಲಿ ದೊರೆ ನಾಲ್ಕನೆಯ ಚಾರ್ಲ್ಸ್ ಅಡಿಗಲ್ಲು ಹಾಕಿದ ಸೇತುವೆಯನ್ನು ದಾಟಿ, ಕೋಟೆಯನ್ನೂ ಅದರೊಳಗಿನ ಸಂತ ವೀಟಸ್ ಚರ್ಚನ್ನೂ ನೋಡಿ ಕೋಣೆಗೆ ಬಂದ ಮೇಲೆ, ನಾನು ಎಂದಿನಂತೆ ದಿನದ ಖರ್ಚು ಬರೆಯಲು ಕುಳಿತೆ. ಜಮಾ ಬರೆಯುವಾಗ 4,650ನ್ನು ಮುನ್ನೂರರಿಂದ ಭಾಗಿಸಿದೆ. ಎರಡನೆಯ ಸಲ ಭಾಗಿಸಿದೆ. ನಮ್ಮವರು ಮಗಳಿಗೆ ಫೋನ್ ಮಾಡಿದರು, ಅವಳು ಕೇಳಿದ ಮೊದಲ ಮಾತೇ, “ಅಮ್ಮಾ, ಬದಲಿಸಿ ಎಷ್ಟು ಹೊತ್ತಾಯಿತು?” ಎಂಬುದು. ಹೊತ್ತು ಮೀರಿದೆಯೆಂದು ಗೊತ್ತಿದ್ದೂ ಓಡಿದೆವು. ಅಂಗಡಿ ತೆರೆದೇ ಇತ್ತು. ಒಳಗಿದ್ದ ಯುವಕ ಒರಟಾಗಿ ಮಾತನಾಡಲಿಲ್ಲ. ರಸೀದಿಯನ್ನು ನಮ್ಮತ್ತ ತಿರುಗಿಸಿ, ಪೆನ್ನಿನ ತುದಿಯಿಂದ ಮೊದಲು ದರವನ್ನೂ, ಆಮೇಲೆ ಸಮಯವನ್ನೂ, ಕೊನೆಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಮೂರು ಗಂಟೆಯ ಸಾಲನ್ನೂ ತೋರಿಸಿ ಹಿಂದಕ್ಕೆ ಸರಿಸಿದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಫಲಕದಲ್ಲಿದ್ದ ದರವನ್ನೇ ಕೊಟ್ಟಿದ್ದಾರೆ, ಹಾಗಾಗಿ ವಿನಿಮಯ ಅಂಗಡಿಗಳ ಮೇಲ್ವಿಚಾರಣೆ ನಡೆಸುವ ಚೆಕ್ ರಾಷ್ಟ್ರೀಯ ಬ್ಯಾಂಕಿಗೆ ದೂರು ಕೊಡೋಣವೆಂದರೂ ಹಿಡಿಯಲು ಒಂದು ಎಳೆ ಇರಲಿಲ್ಲ. ಕಾನೂನಿನೊಳಗೇ ಇದ್ದುಕೊಂಡು ಪರಊರಿನವರ ಗಾಬರಿಯಿಂದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಿತ್ತುಕೊಳ್ಳುವುದನ್ನು ನಾನು ವ್ಯಾಪಾರ ಎನ್ನಲಾರೆ.

ಹೀಗಾಗಿ ಹೋಗುವವರಲ್ಲಿ ನನ್ನ ಕೋರಿಕೆ ಇಷ್ಟು. ನೋಟು ಒಳಗೆ ಕೊಡುವ ಮೊದಲು, ಇಷ್ಟು ಯೂರೋಗೆ ಕೈಗೆ ಎಷ್ಟು ಕೊರುನಾ ಬರುತ್ತದೆ ಎಂದು ಕೇಳಿ, ಅಂಕಿಯನ್ನು ಬರೆದು ತೋರಿಸಲು ಹೇಳಿ, ಫೋನಿನಲ್ಲಿರುವ ಅಂದಿನ ದರದೊಡನೆ ಹೋಲಿಸಿ. ಹಣ ಪಡೆದ ಮೇಲೆ ಅದರಲ್ಲಿ ಒಂದು ಕೊರುನಾ ಖರ್ಚು ಮಾಡುವ ಮುನ್ನ ಅಲ್ಲೇ ನಿಂತು ರಸೀದಿ ಓದಿ. ಅಂಗಡಿಗಿಂತ ಒಳ್ಳೆಯ ದರ ಕೊಡುತ್ತೇನೆಂದು ರಸ್ತೆಯಲ್ಲಿ ಹತ್ತಿರ ಬರುವವರೊಡನೆ ಮಾತಿಗೂ ನಿಲ್ಲಬೇಡಿ. ಚಲಾವಣೆ ನಿಂತುಹೋದ ಬೆಲಾರುಸ್, ಬಲ್ಗೇರಿಯಾದ ನೋಟುಗಳನ್ನು ಕೊರುನಾ ಎಂದು ಕೊಟ್ಟು ಮಾಯವಾಗುವವರಿದ್ದಾರೆ, ಅಲ್ಲಿ ರಸೀದಿಯೂ ಇರುವುದಿಲ್ಲ.

ಎಟಿಎಂನಲ್ಲೂ ಎಚ್ಚರ ಬೇಕು. ನಮ್ಮ ಕಾರ್ಡ್ ಹಾಕಿದಾಗ, ಮೊತ್ತವನ್ನು ರೂಪಾಯಿಯಲ್ಲೇ ಕಡಿತ ಮಾಡಲೇ ಎಂದು ಯಂತ್ರ ಕೇಳುತ್ತದೆ. ರೂಪಾಯಿ ಎಂದೊಡನೆ ಮನಸ್ಸಿಗೆ ಹಿತವೆನಿಸುತ್ತದೆ, ಆದರೆ ಒಪ್ಪಿದರೆ ಯಂತ್ರದವರು ಹಾಕಿದ ದರವೇ ದರ. ಬೇಡವೆಂದು ಒತ್ತಿ, ಕೊರುನಾದಲ್ಲೇ ಪಡೆಯಿರಿ. ಅಂಗಡಿ, ಹೋಟೆಲುಗಳ ಕಾರ್ಡ್ ಯಂತ್ರಕ್ಕೂ ಇದೇ ಮಾತು.

ಎರಡನೆಯ ದಿನ ನಮಗೆ ಗೊತ್ತಾದ ಸಂಗತಿಯೆಂದರೆ, ಮೆಟ್ರೋ ನಿಲ್ದಾಣದ ಟಿಕೆಟ್ ಯಂತ್ರ ಕಾರ್ಡ್ ತೆಗೆದುಕೊಳ್ಳುತ್ತದೆ, ಟ್ರಾಮಿನೊಳಗೂ ಕಾರ್ಡ್ ತಾಗಿಸಿ ಟಿಕೆಟ್ ಪಡೆಯಬಹುದು. ಮುನ್ನೂರು ಯೂರೋ ಬದಲಿಸುವ ಅಗತ್ಯವೇ ನಮಗಿರಲಿಲ್ಲ, ಕೈಖರ್ಚಿಗೆ ಮೂವತ್ತು ಸಾಕಾಗುತ್ತಿತ್ತು. ಮುಂದಿನ ತಿಂಗಳು ನನ್ನ ನಾದಿನಿಯ ಮನೆಯವರು ಬುಡಾಪೆಸ್ಟ್‌ಗೆ ಹೊರಟಿದ್ದಾರೆ. ಅಲ್ಲಿಯೂ ಯೂರೋ ಇಲ್ಲ, ಫೋರಿಂಟ್. ಆ ರಸೀದಿಯ ಫೋಟೊ ತೆಗೆದು, ದರದ ಸಾಲಿಗೆ ಕೆಂಪು ಗೆರೆ ಎಳೆದು, ನಿನ್ನೆ ಅವರಿಗೆ ಕಳಿಸಿದ್ದೇನೆ.