ಮುಯ್ಯಿ ಮೇಜಿನ ಪಕ್ಕದ ಪಜಲ್: ರಟ್ಟು, ಅಕ್ರಿಲಿಕ್, ಎಂಡಿಎಫ್, ಬರ್ಚ್ ಪ್ಲೈ

ಮದುವೆಗೆ ಬಂದವರ ಹಾರೈಕೆಯನ್ನು ಪುಸ್ತಕದಲ್ಲಿ ಬರೆಸುವ ಬದಲು ಜಿಗ್‌ಸಾ ಪಜಲ್‌ನ ಬಿಲ್ಲೆಗಳ ಮೇಲೆ ಬರೆಸಿ, ಆಮೇಲೆ ಜೋಡಿಸಿ ಗೋಡೆಗೆ ಹಾಕಬಹುದು. ಇದಕ್ಕೆ ರಟ್ಟು, 3 ಮಿ.ಮೀ. ಅಕ್ರಿಲಿಕ್, 3 ಮಿ.ಮೀ. ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ), 4 ಮಿ.ಮೀ. ಬರ್ಚ್ ಪ್ಲೈವುಡ್ ಈ ನಾಲ್ಕರಲ್ಲೂ ಮಾಡಿಸಿ, ಎಲ್ಲದರ ಮೇಲೂ ಅದೇ ಕೆಲವು ಬಗೆಯ ಪೆನ್ನುಗಳಿಂದ ಬರೆದು, ನೀರು, ಎಣ್ಣೆ, ಅರಿಶಿಣ ತಾಗಿಸಿ ನೋಡಿದ್ದೇವೆ. ರಟ್ಟೊಂದು ಬಿಟ್ಟರೆ ಉಳಿದ ಮೂರಕ್ಕೂ ಒಂದೇ ಅಳತೆ: 24×18 ಇಂಚು, 108 ಬಿಲ್ಲೆ.

108 ಎಂಬುದು ಜಪಮಾಲೆಯ ಲೆಕ್ಕದಿಂದ ಬಂದದ್ದಲ್ಲ. 24×18 ಇಂಚಿನ ಹಲಗೆಯನ್ನು 2 ಇಂಚಿನ ಚೌಕಗಳಾಗಿ ಕತ್ತರಿಸಿದರೆ ಅಡ್ಡಕ್ಕೆ 12, ಉದ್ದಕ್ಕೆ 9 ಬರುತ್ತವೆ. ಎರಡು ಇಂಚಿಗಿಂತ ಚಿಕ್ಕ ಬಿಲ್ಲೆಯಲ್ಲಿ ಕನ್ನಡದ ಒತ್ತಕ್ಷರ ಹಿಡಿಯುವುದಿಲ್ಲ. ರಾಯಚೂರಿನ ಕಡೆಯ ಮದುವೆಯಲ್ಲಿ ತೆಲುಗು, ಉರ್ದುವಿನಲ್ಲಿ ಬರೆಯುವವರೂ ಇರುತ್ತಾರೆ, ಅವರಿಗೂ ಇಷ್ಟು ಜಾಗ ಬೇಕು. 600 ಜನ ಬರುವ ಮದುವೆಯಾದರೆ ಮನೆಗೊಂದು ಬಿಲ್ಲೆಯಂತೆ, ನಾಲ್ಕು ಜನಕ್ಕೊಂದು ಎಂದು ಹಿಡಿದರೂ 150 ಆಗುತ್ತದೆ. ಆದರೆ ಊಟದ ಅವಸರದಲ್ಲಿ ಎಲ್ಲರೂ ನಿಂತು ಬರೆಯುವುದಿಲ್ಲ, 108 ಸಾಕು. 216 ಬಿಲ್ಲೆಯ ಆಸೆಗೆ 36×24 ಇಂಚಿಗೆ ಹೋದರೆ ಅದು 914×610 ಮಿ.ಮೀ. ಆಗುತ್ತದೆ. ಅಕ್ಷರ, ನಾಮಫಲಕ ಕತ್ತರಿಸುವ ಅಂಗಡಿಗಳ ಚಿಕ್ಕ ಲೇಸರ್ ಯಂತ್ರದ ಹಾಸು 900×600, ಅದರಲ್ಲಿ ಕೂರುವುದಿಲ್ಲ. 24×18 ಆರಾಮವಾಗಿ ಕೂರುತ್ತದೆ.

ರಟ್ಟಿನ ಪಜಲ್ ಅಗ್ಗ. ಮಗ್‌ಗೆ ಫೋಟೊ ಹಾಕಿಕೊಡುವ ಸ್ಟುಡಿಯೊದಲ್ಲಿ ಹೀಟ್ ಪ್ರೆಸ್ (ಬಿಸಿಯಿಂದ ಒತ್ತಿ ಚಿತ್ರ ಅಚ್ಚೊತ್ತುವ ಯಂತ್ರ) ಇದ್ದರೆ ಅವತ್ತೇ ಕೈಗೆ ಸಿಗುತ್ತದೆ. ಆದರೆ ಎ4 ಅಳತೆಯ 120 ತುಂಡಿನ ರಟ್ಟಿನಲ್ಲಿ ಒಂದೊಂದು ತುಂಡೂ ಎರಡು, ಎರಡೂವರೆ ಸೆಂಟಿಮೀಟರ್ ಅಷ್ಟೇ. ಬಣ್ಣ ಹಿಡಿಯಲೆಂದು ಮೇಲೆ ಕೊಟ್ಟ ಹೊಳಪಿನ ಲೇಪದ ಮೇಲೆ ಬಾಲ್ ಪೆನ್ ಜಾರುತ್ತದೆ, ಜೆಲ್ ಪೆನ್ ಒರೆಸಿಹೋಗುತ್ತದೆ. ಹಿಂಬದಿಯಲ್ಲಿ ಬರೆಯಬಹುದು, ಆಗ ಗೋಡೆಗೆ ಹಾಕಿದಾಗ ಚಿತ್ರ ಕಂಡರೆ ಹೆಸರು ಕಾಣುವುದಿಲ್ಲ. ಮಂಟಪದ ಫ್ಯಾನಿನ ಗಾಳಿಗೆ ತುಂಡುಗಳು ಹಾರುವುದು ಬೇರೆ. ಮೂವತ್ತು ನಲವತ್ತು ಜನರ ನಿಶ್ಚಿತಾರ್ಥಕ್ಕೆ ಆಗಬಹುದು, ಮದುವೆಗೆ ಬೇಡ.

ಅಕ್ರಿಲಿಕ್ ನೋಡಲು ಎಲ್ಲಕ್ಕಿಂತ ಚೆಂದ, ಕತ್ತರಿಸಿದ ಅಂಚು ಗಾಜಿನಷ್ಟು ನುಣುಪು. ಆದರೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದದ್ದು ಸ್ಯಾನಿಟೈಸರ್ ಹಚ್ಚಿದ ಕೈ ತಾಗಿದರೆ ಅಳಿಸುತ್ತದೆ. ಗ್ರಾನೈಟ್ ನೆಲಕ್ಕೆ ಬಿದ್ದರೆ ನಾಲಿಗೆ, ಅಂದರೆ ಪಕ್ಕದ ಬಿಲ್ಲೆಯೊಳಗೆ ಸಿಕ್ಕಿಕೊಳ್ಳುವ ಭಾಗ, ಕತ್ತಿನಲ್ಲೇ ಮುರಿಯುತ್ತದೆ. ಅಕ್ರಿಲಿಕ್ ಬದಲು ಫ್ಲೆಕ್ಸ್ ಅಂಗಡಿಯ ಸನ್‌ಬೋರ್ಡ್ ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಪಿವಿಸಿ, ಕ್ಲೋರಿನ್ ಇರುವ ಪ್ಲಾಸ್ಟಿಕ್. ಲೇಸರ್ ತಾಗಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಉಸಿರಿಗೂ ಕೆಟ್ಟದ್ದು, ಯಂತ್ರವೂ ತುಕ್ಕು ಹಿಡಿಯುತ್ತದೆ. ವಿನೈಲ್ ಸ್ಟಿಕ್ಕರ್ ಕೂಡ ಪಿವಿಸಿಯೇ, ಹಲಗೆಗೆ ಅದನ್ನು ಅಂಟಿಸಿ ಕತ್ತರಿಸಿದರೂ ಇದೇ ತೊಂದರೆ.

ನಿಜವಾದ ಪೈಪೋಟಿ ಎಂಡಿಎಫ್‌ಗೂ ಬರ್ಚ್‌ಗೂ. ಎಂಡಿಎಫ್ ಊರಿನ ಪ್ಲೈವುಡ್ ಅಂಗಡಿಯಲ್ಲೇ ಸಿಗುತ್ತದೆ, ಮೈಯೆಲ್ಲ ಒಂದೇ ಸಮ ಇರುವುದರಿಂದ ಲೇಸರ್ ಎಲ್ಲೂ ತಡೆಯುವುದಿಲ್ಲ. ಅದರ ಶತ್ರು ನೀರು. ಒಂದು ಲೋಟ ಶರಬತ್ತು ಚೆಲ್ಲಿದರೆ ಅಂಚು ಉಬ್ಬುತ್ತದೆ, ಒಣಗಿದ ಮೇಲೂ ಇಳಿಯುವುದಿಲ್ಲ, ಆ ಬಿಲ್ಲೆ ಮತ್ತೆ ಜಾಗದಲ್ಲಿ ಕೂರುವುದಿಲ್ಲ. ನಾಲಿಗೆಯ ಕತ್ತು 6 ಮಿ.ಮೀ.ಗಿಂತ ಸಣ್ಣದಾದರೆ ಪದರ ಬಿಡುತ್ತದೆ. ಅರಿಶಿಣದ ಕೈ ತಾಗಿದರೆ ಕಲೆ ಹೋಗುವುದಿಲ್ಲ.

ಬರ್ಚ್ ಪ್ಲೈ ದುಬಾರಿ, ಬೆಂಗಳೂರು ಅಥವಾ ಹೈದರಾಬಾದಿನಿಂದ ತರಿಸಬೇಕಾಗಬಹುದು. ಆದರೂ ನಮ್ಮ ಮತ ಅದಕ್ಕೇ. ಮೈ ತಿಳಿಬಣ್ಣದ್ದು, ಹೆಸರು ಎದ್ದು ಕಾಣುತ್ತದೆ. ಚೆಲ್ಲಿದ ನೀರು ತಕ್ಷಣ ಒರೆಸಿದರೆ ಏನೂ ಆಗುವುದಿಲ್ಲ. ನಾಲಿಗೆ ಗಟ್ಟಿ. ಅದರ ಬದಲು ಸಾಮಾನ್ಯ ವಾಟರ್‌ಪ್ರೂಫ್ ಪ್ಲೈ ತಂದರೆ ಕೆಡುತ್ತದೆ: ಅದರ ಫಿನಾಲಿಕ್ ಅಂಟನ್ನು ಲೇಸರ್ ಕತ್ತರಿಸುವುದಕ್ಕಿಂತ ಕರಿಕಾಗಿಸುವುದೇ ಹೆಚ್ಚು, ಒಳಪದರದಲ್ಲಿ ಟೊಳ್ಳಿದ್ದ ಕಡೆ ನಾಲಿಗೆ ಉದುರುತ್ತದೆ.

ಎರಡರಲ್ಲಿ ಯಾವುದಾದರೂ ಸೀಲರ್ (ಮರದ ಸಣ್ಣ ರಂಧ್ರ ಮುಚ್ಚುವ ಲೇಪ) ಹಚ್ಚುವುದು ಕತ್ತರಿಸುವ ಮೊದಲೇ. ಎರಡು ಕೋಟ್, ನಡುವೆ 320 ನಂಬರಿನ ಮರಳು ಕಾಗದದಿಂದ ಒಮ್ಮೆ ಉಜ್ಜಿ, ಒಂದು ದಿನ ಒಣಗಲು ಬಿಡಬೇಕು. ಕತ್ತರಿಸಿದ ಮೇಲೆ ಹಚ್ಚಿದರೆ ನಾಲಿಗೆಗಳು ದಪ್ಪಗಾಗಿ ಒಂದಕ್ಕೊಂದು ಅಂಟುತ್ತವೆ. ಸೀಲರ್ ಇಲ್ಲದೆ ಬರೆಸಿದರೆ ಮಾರ್ಕರ್ ಶಾಯಿ ಮರದ ಎಳೆಗುಂಟ ಹರಡಿ ಅಕ್ಷರಕ್ಕೆ ಮೀಸೆ ಬರುತ್ತದೆ. ಲೇಸರ್‌ನ ಮಸಿ ಮೇಲ್ಮೈಗೆ ಹತ್ತದಂತೆ ಮಾಸ್ಕಿಂಗ್ ಟೇಪ್ ಹಾಕಿಸಿ. ಅಂಚಿನ ಮಸಿ ಉಳಿದೇ ಉಳಿಯುತ್ತದೆ. ಒಂದೊಂದು ಬಿಲ್ಲೆಯ ಅಂಚನ್ನೂ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸದೆ ಮಂಟಪಕ್ಕೆ ಒಯ್ದರೆ ಅದು ಇಳಕಲ್ ಸೀರೆಯ ಸೆರಗಿಗೆ ಹತ್ತುತ್ತದೆ. ಒಟ್ಟು ಕತ್ತರಿಕೆ ಸುಮಾರು 15 ಮೀಟರ್, ಅಂಗಡಿಯವರು ನಿಮಿಷದ ಲೆಕ್ಕದಲ್ಲಿ ಹಣ ಹೇಳಿದರೆ ಇದನ್ನು ಇಟ್ಟುಕೊಂಡು ಮಾತಾಡಿ. ಕತ್ತರಿಸಿದ ಕೂಡಲೇ, ಬಿಡಿಸುವ ಮೊದಲು, ಹಿಂದೆ ಸಾಲಿನ ಅಕ್ಷರ ಮತ್ತು ಆ ಸಾಲಿನಲ್ಲಿ ಎಷ್ಟನೆಯ ಬಿಲ್ಲೆ ಎಂಬ ಸಂಖ್ಯೆ ಬರೆಯಿರಿ: ಅ1, ಅ2, ಹೀಗೆ.

ಪೆನ್ನುಗಳಲ್ಲಿ ಗೆದ್ದದ್ದು 0.8 ಮಿ.ಮೀ. ಪಿಗ್ಮೆಂಟ್ ಪೆನ್, ಅಂದರೆ ಕರಗದ ಬಣ್ಣದ ಕಣಗಳ ಶಾಯಿಯ ಪೆನ್ನು. ಪರ್ಮನೆಂಟ್ ಮಾರ್ಕರ್ ಬರೆಯಲು ಸಲೀಸು, ಆದರೆ ಆಮೇಲೆ ಮೇಲೆ ಲ್ಯಾಕರ್ (ಮೆರುಗೆಣ್ಣೆ) ಸ್ಪ್ರೇ ಹೊಡೆದರೆ ಹೆಸರೆಲ್ಲ ಕರಗಿ ಹರಿಯುತ್ತದೆ. ಬಿಳಿ ಪೇಂಟ್ ಮಾರ್ಕರ್ ಒತ್ತಿದಲ್ಲೆಲ್ಲ ಗುಡ್ಡೆಯಾಗಿ ಬೀಳುತ್ತದೆ, ಅಭ್ಯಾಸ ಇಲ್ಲದವರ ಕೈಗೆ ಕೊಡುವಂಥದ್ದಲ್ಲ. ಒಂದೇ ಬಗೆಯ ನಾಲ್ಕು ಪೆನ್ನು ಇಟ್ಟರೆ ಸಾಕು. ಬರೆಯಲು ಬಾರದ ಹಿರಿಯರಿಗೆ ಹೆಬ್ಬೆಟ್ಟಿನ ಗುರುತಿಗೆಂದು ಒಂದು ಪಿಗ್ಮೆಂಟ್ ಶಾಯಿ ಪ್ಯಾಡ್ ಇರಲಿ. ಅಜ್ಜಿಯ ಹೆಬ್ಬೆಟ್ಟು ಇರುವ ಬಿಲ್ಲೆಗೆ ಬೆಲೆ ಕಟ್ಟಲಾಗುವುದಿಲ್ಲ.

ಚಿತ್ರಕ್ಕೆ ತುಂಬು ಬಣ್ಣದ ಫೋಟೊ ಬೇಡ, ಅದರ ಮೇಲೆ ಹೆಸರು ಓದಲು ಬರುವುದಿಲ್ಲ. ರೇಖಾಚಿತ್ರವನ್ನು ಲೇಸರ್‌ನಿಂದ ತೆಳುವಾಗಿ ಕೊರೆಸಿ. ದೇವರ ಮೂರ್ತಿಯನ್ನು ತುಂಡು ಮಾಡಿ ಮೇಲೆ ಬರೆಯಲು ಮನೆಯ ಹಿರಿಯರು ಒಪ್ಪುವುದು ಕಷ್ಟ. ಗುಡಿಯ ಹೊರರೂಪ ನಡೆಯುತ್ತದೆ. ಕೊಪ್ಪಳ ಜಿಲ್ಲೆಯವರಿಗೆ 1112ರ ಇಟಗಿ ಮಹಾದೇವ ದೇವಾಲಯದ ಶಿಖರ ಕೈಗೆಟುಕುವಲ್ಲೇ ಇದೆ. ಸುತ್ತ ಖಾಲಿ ಆಕಾಶ ಬಿಟ್ಟರೆ ಯಾರೂ ಬರೆಯದೆ ಉಳಿದ ಬಿಲ್ಲೆಗಳೂ ಆಕಾಶದಂತೆಯೇ ಕಾಣುತ್ತವೆ.

ಮಂಟಪದಲ್ಲಿ ಎರಡು ದಾರಿ. ಪಜಲನ್ನು ತಟ್ಟೆಯಲ್ಲಿ ಜೋಡಿಸಿಟ್ಟು ಅಲ್ಲೇ ಬರೆಸಿದರೆ ಬಿಲ್ಲೆ ಕಳೆಯುವುದಿಲ್ಲ, ಆದರೆ ಒಮ್ಮೆಗೆ ಒಬ್ಬರೇ ಬರೆಯುವುದರಿಂದ ಆರತಕ್ಷತೆಯ ಸಾಲು ನಿಂತುಬಿಡುತ್ತದೆ. ಬಿಡಿ ಬಿಲ್ಲೆ ಕೊಟ್ಟರೆ ನಾಲ್ಕು ಜನ ಒಟ್ಟಿಗೆ ಬರೆಯುತ್ತಾರೆ, ಮಕ್ಕಳು ಒಂದೆರಡು ಜೇಬಿಗೆ ಹಾಕಿಕೊಳ್ಳುತ್ತಾರೆ. ಎರಡನ್ನೂ ನೋಡಿದ ಮೇಲೆ ನಾವು ಹೇಳುವುದು ಬಿಡಿ ಬಿಲ್ಲೆಯನ್ನೇ. ಮೇಜು ಮುಯ್ಯಿ ಬರೆಯುವವರ ಪಕ್ಕದಲ್ಲಿರಲಿ. ಅಲ್ಲಿ ಹೇಗೂ ಎಲ್ಲರೂ ನಿಲ್ಲುತ್ತಾರೆ, ಅಲ್ಲಿ ಕೂತವರಿಗೆ ಬಂಧುಬಳಗದ ಗುರುತೂ ಇರುತ್ತದೆ. ಊಟದ ಮನೆಯ ಬಾಗಿಲಲ್ಲಿ ಇಡಬೇಡಿ, ಒದ್ದೆ ಕೈ ಬರುತ್ತದೆ. ಬರೆದ ಬಿಲ್ಲೆಯನ್ನು ಐದು ನಿಮಿಷ ತಟ್ಟೆಯಲ್ಲಿ ಒಣಗಿಸಿ ಹಿತ್ತಾಳೆ ಕೊಡಕ್ಕೆ ಹಾಕಿದರೆ ಮಕ್ಕಳ ಕೈಗೆ ಸಿಗುವುದಿಲ್ಲ.

ಚೌಕಟ್ಟಿಗೆ ಕಿನ್ನಾಳದ ಕುಸುರಿ ಕೆಲಸ ಒಪ್ಪುತ್ತದೆ. ಪೂರ್ತಿ ಜೋಡಿಸಿ ಅಳೆದ ಮೇಲೆಯೇ ಅಳತೆ ಕೊಡಿ, ನಾಲ್ಕೂ ಬದಿಗೆ 2 ಮಿ.ಮೀ. ಸಡಿಲ ಇರಲಿ. ವೈಶಾಖದ ಒಣ ಬಿಸಿಲಿನಲ್ಲಿ ಬಿಗಿಯಾಗಿ ಕೂರಿಸಿದ ಹಲಗೆ ಶ್ರಾವಣದ ತೇವಕ್ಕೆ ಹಿಗ್ಗಿ ನಡುವೆ ಏಳುತ್ತದೆ. ಬಿಲ್ಲೆಯ ಹಿಂದೆ ಬಿಳಿ ಅಂಟಿನ ಒಂದೇ ಚುಕ್ಕೆ ಸಾಕು, ಹೆಚ್ಚಾದರೆ ಅದರ ನೀರಿಗೇ ಎಂಡಿಎಫ್ ಬಾಗುತ್ತದೆ. ಒಂದು ರಾತ್ರಿ ಮೇಲೆ ಸಮನಾದ ಭಾರ ಇಡಿ. ಲೇಸರ್ ಅಂಗಡಿಯಿಂದ ಕತ್ತರಿಕೆಯ ಫೈಲನ್ನೂ, ಸೀಲರ್ ಹಚ್ಚಿದ ಅದೇ ಹಲಗೆಯ ಒಂದು ತುಂಡನ್ನೂ ಇಸಿದುಕೊಂಡಿರಿ. ಕಳೆದ ಬಿಲ್ಲೆ ಆ7 ಎಂದು ಗೊತ್ತಾದರೆ ಅದೊಂದನ್ನೇ ಕತ್ತರಿಸಿ, ಆ ಮನೆಯವರ ಕೈಗೆ ಮತ್ತೆ ಪೆನ್ನು ಕೊಡಬಹುದು.