ಎಮ್ಮಿ ಊಹೆಗೆ ಯಾವುದು ಆಧಾರ: ಗೋಲ್ಡನ್ ಗ್ಲೋಬಾ, ಸ್ಯಾಗಾ?

ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಯಾರಿಗೆ ಅಂತ ಗೆಳೆಯರ ಜೊತೆ ವಾದಕ್ಕೆ ಇಳಿಯುವ ಮುಂಚೆ, ವರ್ಷದ ಆರಂಭದಲ್ಲೇ ಬರುವ ಯಾವ ಪ್ರಶಸ್ತಿಯನ್ನು ನೋಡಿಕೊಳ್ಳಬೇಕು? ನಟನೆಯ ವಿಭಾಗವಾದರೆ ನನ್ನ ಒಲವು ಸ್ಯಾಗ್ (ಅಮೆರಿಕದ ನಟರ ಸಂಘದ ಪ್ರಶಸ್ತಿ, 2026ರಿಂದ ಹೆಸರು 'ಆಕ್ಟರ್ ಅವಾರ್ಡ್ಸ್') ಕಡೆಗೆ. ಗ್ಲೋಬ್‌ಗೆ ಮತ ಹಾಕುವವರು ಹಲವು ದೇಶಗಳ ಮನರಂಜನಾ ಪತ್ರಕರ್ತರು. ಸ್ಯಾಗ್‌ಗೆ ಮತ ಹಾಕುವವರು ನಟನಟಿಯರೇ, ಎಮ್ಮಿಯ ನಟನಾ ಪ್ರಶಸ್ತಿಗಳನ್ನು ಆರಿಸುವವರೂ ನಟರೇ. 2022ರ ಡ್ರಾಮಾ ಸರಣಿಗಳ ನಾಯಕನಟ ವಿಭಾಗವನ್ನೇ ನೋಡಿ. ಗ್ಲೋಬ್ 'ಸಕ್ಸೆಷನ್'ನ ಜೆರೆಮಿ ಸ್ಟ್ರಾಂಗ್ ಪಾಲಾಯಿತು. ಸ್ಯಾಗ್ ಮಾತ್ರ 'ಸ್ಕ್ವಿಡ್ ಗೇಮ್'ನ ಲೀ ಜಂಗ್-ಜೇಗೆ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಎಮ್ಮಿ ಹಿಡಿದು ವೇದಿಕೆಯಲ್ಲಿ ನಿಂತವರು ಲೀ! ಆ ಗೆಲುವು ನೆನೆದರೆ ನನಗೆ ಈಗಲೂ ಖುಷಿ.

ಪೋಷಕ ಪಾತ್ರಗಳಿಗೆ ಗ್ಲೋಬ್ ನೋಡಲೇಬೇಕು, ಯಾಕಂದರೆ ಸ್ಯಾಗ್‌ನ ಟಿವಿ ವಿಭಾಗದಲ್ಲಿ ಪೋಷಕ ಪ್ರಶಸ್ತಿಯೇ ಇಲ್ಲ. ಆದರೂ ಪೂರ್ತಿ ನಂಬಬೇಡಿ. ಅದೇ 2022ರಲ್ಲಿ ಗ್ಲೋಬ್ ಗೆದ್ದ 'ಸ್ಕ್ವಿಡ್ ಗೇಮ್'ನ ಓ ಯಂಗ್-ಸು ಎಮ್ಮಿಯಲ್ಲಿ 'ಸಕ್ಸೆಷನ್'ನ ಮ್ಯಾಥ್ಯೂ ಮ್ಯಾಕ್‌ಫೇಡಿಯನ್ ಎದುರು ಸೋತರು.

ಅತ್ಯುತ್ತಮ ಸರಣಿ ಯಾವುದು ಅನ್ನೋದಕ್ಕೆ ಎರಡೂ ಸಾಲವು. 2024ರ ಆರಂಭದಲ್ಲಿ ಹಾಸ್ಯ ವಿಭಾಗದ ಗ್ಲೋಬ್ ಮತ್ತು ಸ್ಯಾಗ್‌ನ ತಂಡ ಪ್ರಶಸ್ತಿ (ಇಡೀ ನಟವರ್ಗಕ್ಕೆ ಕೊಡುವುದು) ಎರಡನ್ನೂ 'ದಿ ಬೇರ್' ಬಾಚಿತು. ಸೆಪ್ಟೆಂಬರ್‌ನ ಎಮ್ಮಿ 'ಹ್ಯಾಕ್ಸ್' ಮಡಿಲಿಗೆ ಬಿತ್ತು. ಸರಣಿಯ ಎಮ್ಮಿಗೆ ನಟರಷ್ಟೇ ಅಲ್ಲ, ಎಮ್ಮಿ ಕೊಡುವ ಟೆಲಿವಿಷನ್ ಅಕಾಡೆಮಿಯ ಎಲ್ಲ ವೃತ್ತಿಯವರೂ ಮತ ಹಾಕುತ್ತಾರಲ್ಲ!