ಮೂರಿಂಚಿನ ಹಲಸು: ಕಿಲ್ನ್, ಅಡಿಕೆ ಪಾಲಿಹೌಸ್, ಕೊಟ್ಟಿಗೆ

ಹಿತ್ತಲ ಹಲಸಿನ ಮರ ಕಡಿಸಿದ್ದು 2022ರ ಜನವರಿಯಲ್ಲಿ. ಸಾಗರದಲ್ಲಿ ಮೂರಿಂಚು ದಪ್ಪಕ್ಕೆ ಕೊಯ್ಸಿದೆ. ಒಂದಡಿ ಅಗಲ, ಏಳಡಿ ಉದ್ದದ ಹನ್ನೆರಡು ಹಲಗೆ ಸಿಕ್ಕವು. ಒಣಗಲೆಂದು ನಾಲ್ಕನ್ನು ಕಿಲ್ನಿಗೆ (ಬಿಸಿ ಕೊಟ್ಟು ಮರ ಒಣಗಿಸುವ ಕೋಣೆ) ಕಳಿಸಿದೆ, ನಾಲ್ಕನ್ನು ಅಡಿಕೆ ಒಣಗಿಸುವ ಪಾಲಿಹೌಸಿಗೆ ಹಾಕಿದೆ, ಉಳಿದ ನಾಲ್ಕನ್ನು ಕೊಟ್ಟಿಗೆಯಲ್ಲಿ ಪೇರಿಸಿದೆ. ಗೆದ್ದದ್ದು ಕೊಟ್ಟಿಗೆ. ಇನ್ನು ಎರಡಿಂಚಿಗಿಂತ ದಪ್ಪದ ಗಟ್ಟಿ ಮರವನ್ನು ಹಸಿಯಾಗಿರುವಾಗ ನಾನು ಬೇರೆಲ್ಲಿಗೂ ಕಳಿಸುವುದಿಲ್ಲ.

ಕಿಲ್ನಿಗೆ ಕಳಿಸಿದ್ದು ಅವಸರಕ್ಕೆ. ಬೆಂಗಳೂರಿನ ಗಿರಾಕಿಯೊಬ್ಬರಿಗೆ ಊಟದ ಮೇಜು ಬೇಕಿತ್ತು. 22 ದಿನಕ್ಕೆ ಹಲಗೆ ವಾಪಸ್ ಬಂದವು. ಮೈಮೇಲೆ ಒಂದು ಬಿರುಕಿಲ್ಲ, ಮರದ ತೇವ ಅಳೆಯುವ ಪಿನ್ ಮೀಟರ್ ಚುಚ್ಚಿದರೆ ಶೇ 10. ಘನ ಅಡಿಗೆ 120 ರೂಪಾಯಿಯಂತೆ 840, ಗಾಡಿ ಬಾಡಿಗೆ 2,600. ಖುಷಿಯಿಂದಲೇ ಕೊಟ್ಟೆ.

ತೊಂದರೆ ಗೊತ್ತಾದದ್ದು ಸೀಳುವಾಗ. ಒಂದು ಹಲಗೆಯನ್ನು ದಪ್ಪದಲ್ಲಿ ಎರಡು ಮಾಡೋಣವೆಂದು ಬ್ಯಾಂಡ್‌ಸಾಗೆ ಕೊಟ್ಟೆ. ಒಂದಡಿ ಹೋಗಿರಬಹುದು, ಬ್ಲೇಡಿನ ಹಿಂದೆ ಎರಡೂ ಹೋಳು ಅಂಚಿನಲ್ಲಿ ಒತ್ತಿಕೊಂಡು ಬ್ಲೇಡನ್ನು ಕಚ್ಚಿಹಿಡಿದವು. ಬೆಣೆ ಹೊಡೆದು ಹೇಗೋ ಮುಗಿಸಿದೆ. ಮೇಜಿನ ಮೇಲಿಟ್ಟ ಹೋಳುಗಳು ಸಂಜೆಯೊಳಗೆ ಕೊಯ್ದ ಮೈಯ ಕಡೆಗೆ ದೋಣಿಯಂತೆ ಬಾಗಿದವು. ಕೀಸಿ ಸಮ ಮಾಡಿದೆ. ಮರುದಿನ ಮತ್ತೆ ಬಾಗಿದ್ದವು.

ಆಮೇಲೆ ಇನ್ನೊಂದು ಹಲಗೆಯ ನಡುಭಾಗದಿಂದ ಒಂದಿಂಚಿನ ಅಡ್ಡ ತುಂಡು ತೆಗೆದೆ. ಅದರ ತಿರುಳು ಭಾಗವನ್ನು ಮಾತ್ರ ಬೇರೆ ಮಾಡಿ ತೂಗಿದರೆ 118 ಗ್ರಾಂ. ಓವನ್‌ನಲ್ಲಿ 103 ಡಿಗ್ರಿಗೆ ಇಟ್ಟು, ತೂಕ ಇಳಿಯುವುದು ನಿಂತ ಮೇಲೆ ನೋಡಿದರೆ 100 ಗ್ರಾಂ. ಅಂದರೆ ಒಳಗೆ ಶೇ 18ರಷ್ಟು ನೀರು. ಮೀಟರಿನ ಪಿನ್ನು ಎಂಟು ಮಿಲಿಮೀಟರ್ ಇಳಿಯುತ್ತದೆ, ಮೂರಿಂಚಿನ ಹಲಗೆಯ ನಡು ಇರುವುದು 38 ಮಿಲಿಮೀಟರ್ ಆಳದಲ್ಲಿ. ಅದು ತೋರಿಸಿದ ಹತ್ತು ಬರೀ ಹೊರಮೈಯದು.

ಒಳಗೆ ನಡೆದದ್ದು ಇಷ್ಟು. ಬಿಸಿಗೆ ಹೊರಪದರ ಬೇಗ ಒಣಗಿ ಕುಗ್ಗಲು ನೋಡುತ್ತದೆ, ಹಸಿ ತಿರುಳು ಬಿಡುವುದಿಲ್ಲ. ಹೊರಪದರ ಹಿಗ್ಗಿದ ಸ್ಥಿತಿಯಲ್ಲೇ ಗಟ್ಟಿಯಾಗುತ್ತದೆ. ಕೊನೆಗೆ ತಿರುಳು ಕುಗ್ಗುವ ಹೊತ್ತಿಗೆ ಹೊರಪದರ ಜೊತೆಗೆ ಬರುವುದಿಲ್ಲ. ಹಲಗೆ ಇಡಿಯಾಗಿರುವವರೆಗೆ ಈ ಎಳೆದಾಟ ಕಣ್ಣಿಗೆ ಬೀಳುವುದಿಲ್ಲ, ಸೀಳಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಒಂದು ಹಲಗೆಯಲ್ಲಂತೂ ತಿರುಳೇ ಹರಿದು ಒಳಗೆ ಸಣ್ಣ ಸಣ್ಣ ಸೀಳುಗಳಾಗಿದ್ದವು. ಹೊರಗಿಂದ ನೋಡಿದರೆ ಚಿನ್ನದಂಥ ಹಲಗೆ.

ವಿಚಾರಿಸಿದಾಗ ತಿಳಿಯಿತು, ನನ್ನ ನಾಲ್ಕು ಹಲಗೆಗೆಂದೇ ಕಿಲ್ನ್ ಹಚ್ಚಿರಲಿಲ್ಲ. ಬೇರೆಯವರ ಒಂದಿಂಚಿನ ಹಲಗೆಗಳ ಜೊತೆ ಸೇರಿಸಿ, ಅವುಗಳ ಲೆಕ್ಕದಲ್ಲೇ ಬಿಸಿ ಕೊಟ್ಟಿದ್ದರು. ದಪ್ಪ ಮೂರು ಪಟ್ಟಾದರೆ ಒಣಗಲು ಮೂರು ಪಟ್ಟು ಕಾಲ ಸಾಲದು, ಐದರಿಂದ ಒಂಬತ್ತು ಪಟ್ಟು ಬೇಕು. ಕೊನೆಯಲ್ಲಿ ಹಬೆ ಬಿಟ್ಟು ಬಿಗಿತ ಸಡಿಲಿಸುವ ಹಂತವೊಂದಿದೆ, ಅದನ್ನೂ ಮಾಡಿರಲಿಲ್ಲ. ಕಿಲ್ನಿಗೆ ಕೊಡುವವರು ಈ ಎರಡನ್ನು ಮೊದಲೇ ಕೇಳಿ: ಲೋಡಿನಲ್ಲಿ ಎಲ್ಲವೂ ಒಂದೇ ದಪ್ಪವೇ? ಕೊನೆಗೆ ಹಬೆ ಕೊಡುತ್ತೀರಾ? ಕಿಲ್ನಿನ ನಿಜವಾದ ಲಾಭವೆಂದರೆ ಹುಳ ಸಾಯುತ್ತದೆ. ಅದನ್ನು ಒಪ್ಪುತ್ತೇನೆ.

ಪಾಲಿಹೌಸಿನದು ಸಣ್ಣ ಕಥೆ. ಚಾಲಿ ಅಡಿಕೆ ಎತ್ತಿದ ಮೇಲೆ ಏಪ್ರಿಲ್‌ನಲ್ಲಿ ಖಾಲಿ ಇತ್ತು, ಖರ್ಚಿಲ್ಲ. ಮಧ್ಯಾಹ್ನ ಒಳಗೆ 54 ಡಿಗ್ರಿ. ಹತ್ತೇ ದಿನಕ್ಕೆ ಎರಡು ಹಲಗೆಗಳ ಮೈಮೇಲೆ ಉಗುರು ಹೊಗುವಷ್ಟು ಬಿರುಕು. ಒದ್ದೆ ಗೋಣಿ ಹೊದಿಸಿದರೂ ಆದ ಬಿರುಕು ಮುಚ್ಚಲಿಲ್ಲ. ಒಂದಿಂಚಿನ ಹಲಗೆಗೆ ಮಾತ್ರ ಬಹಳ ಒಳ್ಳೆಯ ಜಾಗ, ಈಗಲೂ ಬಳಸುತ್ತೇನೆ.

ಕೊಟ್ಟಿಗೆಯಲ್ಲಿ ಜಂಬಿಟ್ಟಿಗೆ ಕಲ್ಲನ್ನು ಒಂದೂವರೆ ಅಡಿ ಎತ್ತರಕ್ಕೆ ಮಟ್ಟ ಹಿಡಿದು ಇಟ್ಟೆ. ಕೊಯ್ಸಿ ತಂದ ದಿನವೇ ಹಲಗೆಗಳ ಎರಡೂ ತುದಿಗೆ ಕರಗಿಸಿದ ಮೇಣ ಎರಡು ಕೋಟು ಬಳಿದೆ. ಮೈಗಿಂತ ತುದಿಯಿಂದ ನೀರು ಹತ್ತು ಪಟ್ಟಿಗೂ ವೇಗವಾಗಿ ಹೋಗುತ್ತದೆ, ಬಿರುಕು ಶುರುವಾಗುವುದೂ ಅಲ್ಲಿಂದಲೇ. ಹಲಗೆಗಳ ನಡುವೆ ಮೊದಲು ಅಡಿಕೆ ದಬ್ಬೆ ಇಟ್ಟಿದ್ದೆ. ದಬ್ಬೆ ಒಂದೇ ದಪ್ಪ ಇರುವುದಿಲ್ಲ. ವಾರದಲ್ಲಿ ತೆಗೆದು, ಒಣಗಿದ ಸಿಲ್ವರ್ ಓಕ್ ರೀಪನ್ನು ಒಂದೂವರೆ ಅಡಿಗೊಂದರಂತೆ, ಒಂದರ ನೇರಕ್ಕೆ ಒಂದು ಬರುವಂತೆ ಇಟ್ಟೆ. ಮೇಲೆ ಕಲ್ಲಿನ ಭಾರ. ಮಳೆಗಾಲದಲ್ಲಿ ಇರಚಲು ಬರುವ ಪಡುವಣ ಬದಿಗೆ ಮಾತ್ರ ತಟ್ಟಿ ಕಟ್ಟಿದೆ. ಪ್ಲಾಸ್ಟಿಕ್ ಸುತ್ತಿದರೆ ಬೂಷ್ಟು ಗ್ಯಾರಂಟಿ. ಹುಳ ಬಾರದಿರಲೆಂದು ಬೋರಾಕ್ಸ್, ಬೋರಿಕ್ ಆಸಿಡ್ ನೀರನ್ನು ಬಳಿದಿದ್ದರೂ ಒಂದು ಹಲಗೆಯ ಬಿಳಿ ಭಾಗದಲ್ಲಿ ಹುಳ ಪುಡಿ ಉದುರಿಸಿತು. ಅಷ್ಟನ್ನು ಕತ್ತರಿಸಿ ಒಲೆಗೆ ಹಾಕಿದೆ. ಒಳಗಿನ ಗಟ್ಟಿ ಮರವಾದ ಚೇಗಿಗೆ ಏನೂ ಆಗಿರಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ, ಕೊನೆಯ ಮೂರು ತಿಂಗಳು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿಟ್ಟೆ. ಮಲೆನಾಡಿನ ಗಾಳಿಯೊಂದರಿಂದಲೇ ಬೆಂಗಳೂರಿಗೆ ಬೇಕಾದಷ್ಟು ಒಣಗುವುದಿಲ್ಲ, ಅಲ್ಲಿ ಹೋಗಿ ಮತ್ತೆ ಕುಗ್ಗುತ್ತದೆ. 2024ರ ಏಪ್ರಿಲ್‌ನಲ್ಲಿ ತಿರುಳನ್ನು ಅದೇ ರೀತಿ ಓವನ್‌ನಲ್ಲಿಟ್ಟು ನೋಡಿದೆ, ಶೇ 12. ಒಳಗೆ ಬಿಗಿತ ಉಳಿದಿದೆಯೇ ಎಂದು ನೋಡಲು ಅಡ್ಡ ತುಂಡನ್ನು ಎರಡು ಕಡ್ಡಿಯ ಕವೆಯಂತೆ ಕೊರೆದರೆ ಎರಡೂ ಕಡ್ಡಿ ನೆಟ್ಟಗೆ ನಿಂತವು. ಕಿಲ್ನಿನ ಹಲಗೆಯಿಂದ ಕೊರೆದ ಕಡ್ಡಿಗಳು ಒಳಕ್ಕೆ ಬಾಗಿ ತುದಿಗೆ ತುದಿ ತಾಗಿದ್ದವು. ಎರಡನ್ನೂ ಕಿಟಕಿಯಲ್ಲಿ ಇಟ್ಟಿದ್ದೇನೆ, ಬಂದವರಿಗೆ ತೋರಿಸುತ್ತೇನೆ.

27 ತಿಂಗಳು, ಮೇಣಕ್ಕೂ ಬೋರಾಕ್ಸಿಗೂ ಸೇರಿ 900 ರೂಪಾಯಿ. ವರ್ಷಕ್ಕೆ ನಾಲ್ಕೈದು ಕೆಲಸ ಮಾಡುವ ನನಗೆ ಇದು ಹೊಂದುತ್ತದೆ, ಜಾಗವೂ ಇದೆ. ಬಾಡಿಗೆ ಶೆಡ್ಡಿನಲ್ಲಿ ಕೆಲಸ ಮಾಡುವವರು ಇಷ್ಟು ಕಾಯಲಾರರು. ಅಂಥವರು ಗಾಳಿಯಲ್ಲಿ ಮರದ ನೀರನ್ನು ಶೇ 25ಕ್ಕೆ ಇಳಿಸಿಕೊಂಡು ಆಮೇಲೆ ಕಿಲ್ನಿಗೆ ಕೊಡಿ.

ಬೆಂಗಳೂರಿನ ಗಿರಾಕಿಗೆ ನಡೆದದ್ದನ್ನೆಲ್ಲ ಹೇಳಿದ್ದೆ. ಅವರು ಕಾದರು. ಅವರ ಮೇಜು ಕೊಟ್ಟಿಗೆಯ ಹಲಗೆಯದೇ. ಈಗ ಅದೇ ಕಲ್ಲುಗಳ ಮೇಲೆ ಹೆಬ್ಬಲಸಿನ ಐದು ಹಲಗೆ ಇವೆ. ಕೊಯ್ಸಿದ ತಿಂಗಳನ್ನು ತುದಿಯ ಮೇಣದ ಮೇಲೆ ಬರೆದಿಟ್ಟಿದ್ದೇನೆ. ಯಾರಾದರೂ ದಪ್ಪ ಮರದ ಕೆಲಸ ಕೇಳಿದರೆ ಮೊದಲು ಕೊಟ್ಟಿಗೆಗೆ ಹೋಗಿ ಅದನ್ನು ನೋಡಿ ಬಂದು, ಆಮೇಲೆ ದಿನ ಹೇಳುತ್ತೇನೆ.